ಕಸೂತಿ ಬುಕ್‌ಮಾರ್ಕ್ 25 ಆಗಬೇಕು: ಹಿಂಬದಿಯೂ ಮುಂಬದಿಯ ಹಾಗೇ ಬರಬೇಕು, ಗಂಟಿಲ್ಲದೆ

ದಾರದುಂಡೆ:
ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು 25 ಕಸೂತಿ ಬುಕ್‌ಮಾರ್ಕ್ ಆಗಬೇಕು. ಇರೋದು ಕಪ್ಪು ಇಳಕಲ್ ಹತ್ತಿ ಬಟ್ಟೆ ಒಂದು ಮೀಟರ್, ಆಂಕರ್ ದಾರ ಬಿಳಿ ಮತ್ತು ಕುಂಕುಮ ಕೆಂಪು. ಅಳತೆ ಅಂದಾಜು 5 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ. ನಡುವೆ ಗೋಪುರ, ಮೇಲೆ ಕೆಳಗೆ ಸಣ್ಣ ಅಂಚು. ಪುಸ್ತಕದಲ್ಲಿ ಎರಡೂ ಬದಿ ಕಾಣುತ್ತೆ, ಆದ್ದರಿಂದ ಲೈನಿಂಗ್ ಕೊಟ್ಟು ಮುಚ್ಚೋದು ಬೇಡ. ಎಳೆ ಎಣಿಸಿ ನೇರವಾಗಿ ಹಾಕೋದಾ, ಕ್ಯಾನ್ವಾಸ್ ಇಟ್ಟಾ? ಗಂಟು ಹಾಕದೆ ದಾರ ನಿಲ್ಲಿಸೋದು ಹೇಗೆ? ಎಷ್ಟು ಲಡಿ ದಾರ ತರಬೇಕು?

ಎಳೆ_ಎಣಿಕೆ:
ಮೊದಲು ಬಟ್ಟೆಯ ಲೆಕ್ಕ ನೋಡಿ, ಆಮೇಲೆ ಮಿಕ್ಕದ್ದು. ಹಾಸಿನ (ಉದ್ದ ಎಳೆಯ) ದಿಕ್ಕಿನಲ್ಲಿ ಒಂದು ಇಂಚು, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿನಲ್ಲಿ ಒಂದು ಇಂಚು ಗುಂಡುಸೂಜಿ ಚುಚ್ಚಿ ಗುರುತು ಮಾಡಿ, ಭೂತಗನ್ನಡಿ ಹಿಡಿದು ಎಳೆ ಎಣಿಸಿ. ಎರಡೂ ಒಂದೇ ಬರೋದು ಅಪರೂಪ. ಉದಾಹರಣೆಗೆ ಒಂದು ಕಡೆ 60, ಇನ್ನೊಂದು ಕಡೆ 52 ಬಂತು ಅನ್ನಿ. 40 ಎಳೆ ಅಗಲ, 40 ಎಳೆ ಎತ್ತರದ ಚೌಕ ಹಾಕಿದರೆ ಒಂದು ಬದಿ 0.67 ಇಂಚು, ಇನ್ನೊಂದು 0.77 ಇಂಚು. ಗೋಪುರ ಕುಳ್ಳಗಾದರೆ ಯಾರಿಗೂ ಗೊತ್ತಾಗಲ್ಲ, ನಕ್ಷತ್ರ ಅಥವಾ ಕಮಲ ಸೊಟ್ಟಗಾದರೆ ದೂರದಿಂದಲೇ ಕಾಣುತ್ತೆ.

25 ಒಂದೇ ತರಹ ಬೇಕು ಅಂದರೆ ಇಳಕಲ್ ಬಟ್ಟೆ ಬೇರೆ ಕೆಲಸಕ್ಕಿಡಿ. 28 ಎಣಿಕೆಯ (ಇಂಚಿಗೆ 28 ಎಳೆ ಇರೋ) ಲಿನನ್ ಸಿಕ್ಕರೆ ಎರಡೆರಡು ಎಳೆ ಹಿಡಿದು ಹಾಕಿ, ಇಂಚಿಗೆ 14 ಮನೆ (ಹೊಲಿಗೆಯ ಚೌಕ) ಬರುತ್ತೆ. ಇಲ್ಲದಿದ್ದರೆ 14 ಎಣಿಕೆಯ ಐಡಾ, ಅಂದರೆ ಚೌಕ ಚೌಕವಾಗಿ ನೇಯ್ದ ಎಂಬ್ರಾಯಿಡರಿ ಬಟ್ಟೆ. ಅಂಗಡಿಯಲ್ಲಿ ಮ್ಯಾಟಿ ಅಂತ ಕೊಡೋದರ ಮನೆ ಒಂದೊಂದು ಥಾನಿಗೆ ಒಂದೊಂದು ತರಹ ಇರುತ್ತೆ, ಅಲ್ಲೇ ಸ್ಕೇಲ್ ಇಟ್ಟು ಎಣಿಸಿ ತನ್ನಿ.

14 ಎಣಿಕೆಯಲ್ಲಿ ಒಂದು ಮನೆ 1.8 ಮಿ.ಮೀ. 26 ಮನೆ ಅಗಲ ಇಟ್ಟುಕೊಂಡರೆ ಸುಮಾರು 4.7 ಸೆಂ.ಮೀ. ಎರಡೂ ಬದಿ 4 ಮನೆ ಖಾಲಿ ಬಿಟ್ಟರೆ ಗೋಪುರಕ್ಕೆ 18 ಮನೆ. ಗವಂತಿಯಲ್ಲಿ (ಒಂದು ಬಿಟ್ಟು ಒಂದು ಗೆರೆ ಹಾಕುತ್ತಾ ಹೋಗಿ, ವಾಪಸ್ ಬರುವಾಗ ಖಾಲಿ ಬಿಟ್ಟಲ್ಲಿ ತುಂಬಿಸೋ ಹೊಲಿಗೆ) ಕೆಲಸ ನಡೆಯೋದು ಗೆರೆಯ ಮೇಲೆ, ಮನೆಯೊಳಗೆ ಅಲ್ಲ. ಕಳಶದ ತುದಿ ನಟ್ಟನಡುವಿನ ತೂತಿನಲ್ಲೇ ಬರಬೇಕಾದರೆ ಅಗಲ ಸಮಸಂಖ್ಯೆ ಇರಬೇಕು. ಮೆಂತಿ (ಮನೆಯೊಳಗೆ ಹಾಕೋ ಕ್ರಾಸ್) ಹೊಲಿಗೆಯಾದರೆ ತಿರುಗುಮುರುಗು, ಬೆಸಸಂಖ್ಯೆ ಬೇಕು.

ಹೊಲಿಯೋ ಮುಂಚೆ ಕತ್ತರಿಸಬೇಡಿ. 115 ಸೆಂ.ಮೀ. ಪನ್ನಾದ ಅರ್ಧ ಮೀಟರ್ ಬಟ್ಟೆಯಲ್ಲಿ 8 × 22 ಸೆಂ.ಮೀ. ತುಂಡು 28 ಬರುತ್ತೆ. ತಿಳಿ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗಡಿ ಗುರುತಿಸಿ, ಹೊಲಿದು ಮುಗಿದ ಮೇಲೆ ಕತ್ತರಿಸಿ.

ಚಂದ್ರಕಾಳಿ:
ಬುಕ್‌ಮಾರ್ಕಿಗೆ ಯಾವ ಹೊಲಿಗಿ ಅನ್ನೋದು ಮೊದಲ ತೀರ್ಮಾನ ಆಗಬೇಕ್ರಿ. ಕಸೂತಿಯೊಳಗ ಇರೋದು ನಾಕs ಹೊಲಿಗಿ. ಗವಂತಿ, ಮುರಗಿ ಎರಡಕ್ಕೂ ಹಿಂದ ಮುಂದ ಫರಕ ಇಲ್ಲ. ಗವಂತಿ ಅಂದ್ರ ಗೆರಿ, ಮುರಗಿ ಅಂದ್ರ ಪಾವಟಿಗಿ ಹಂಗ ಏರಕೋತ ಹೋಗೋದು. ನೇಯ್ಗಿ ಹಾಕಿದ್ರ ನೇಯ್ದ ಬಟ್ಟಿ ಹಂಗ ಕಾಣ್ತದ, ಹಿಂದ ನೋಡಿದ್ರ ಅದರ ಉಲ್ಟಾ: ಮುಂದ ದಾರ ಇದ್ದಲ್ಲಿ ಹಿಂದ ಖಾಲಿ, ಮುಂದ ಖಾಲಿ ಇದ್ದಲ್ಲಿ ಹಿಂದ ದಾರ. ಮೆಂತಿ ಅಂದ್ರ ಕ್ರಾಸ್, ಹಿಂದ ಬರೇ ನೆಟ್ಟನ ಗೆರಿ ಬೀಳ್ತಾವ, ದಾರಾನೂ ಭಾಳ ಉಣ್ತದ. ನಿಮ್ಮ ಕೆಲಸಕ್ಕ ಗವಂತಿ, ಮುರಗಿ ಎರಡs ಸಾಕು. ಗೋಪುರದ ಹೊಟ್ಟಿ ತುಂಬಸಬೇಕು ಅಂತ ಮೆಂತಿ ಹಾಕಬ್ಯಾಡ್ರಿ.

ಗವಂತಿ ಅನ್ನೋ ಹೆಸರು ಗಂಟಿನಿಂದ ಬಂದದ ಅಂತಾರ, ಆದ್ರ ಅದರಾಗs ಗಂಟು ಹಾಕಂಗಿಲ್ಲ. ಪೆನ್ಸಿಲ್ಲೆ ಬಟ್ಟಿ ಮ್ಯಾಲ ಚಿತ್ರ ತಗಿಯೋದೂ ಇಲ್ಲ. ಎಳಿ ಎಣಿಸಿ ಹಾಕೋದು, ಅಷ್ಟ.

ಕಪ್ಪು ಬಟ್ಟಿಗೆ ಒಂದು ಯುಕ್ತಿ: ತೊಡಿ ಮ್ಯಾಲ ಬಿಳೆ ಪಂಜಿ ಹಾಸಕೊಂಡು ಕೂಡ್ರಿ. ತೂತಿನಾಗಿಂದ ಬೆಳಕು ಕಾಣ್ತದ, ಎಳಿ ತಪ್ಪಂಗಿಲ್ಲ. ದೀಪದ ಬೆಳಕಿನಾಗ ಕಪ್ಪಿನ ಮ್ಯಾಲ ಎಣಿಸೋ ಹಟ ಬ್ಯಾಡ.

ದಾರದುಂಡೆ:
ಧನ್ಯವಾದ ಇಬ್ಬರಿಗೂ. ಐಡಾ ತುಂಡಿನ ಮೇಲೆ ಗವಂತಿ ಹಾಕಿ ನೋಡಿದರೆ ಒಂದು ತೊಂದರೆ. ನೇರ ಗೆರೆ ಹೋಗಿ ಬಂದರೆ ಎರಡೂ ಬದಿ ಸರಿ ತುಂಬುತ್ತೆ. ಚೌಕ ಹಾಕಿದರೆ ಎರಡನೇ ಸುತ್ತಿನಲ್ಲಿ ದಾರ ಮತ್ತೆ ಮೊದಲಿದ್ದ ಜಾಗದಲ್ಲೇ ಬೀಳುತ್ತೆ, ಖಾಲಿ ಜಾಗ ಖಾಲಿಯಾಗೇ ಉಳಿಯುತ್ತೆ. ಎಣಿಕೆ ತಪ್ಪಿಲ್ಲ, ಮೂರು ಸಲ ನೋಡಿದ್ದಾಯಿತು.

ಎಳೆ_ಎಣಿಕೆ:
ಎಣಿಕೆ ತಪ್ಪಿಲ್ಲ, ದಿಕ್ಕು ತಪ್ಪಿದೆ. ಚೌಕದ ಮೂಲೆಗಳಿಗೆ 1, 2, 3, 4 ಅಂತ ಹೆಸರಿಡಿ.

ಸೂಜಿ 1ರಲ್ಲಿ ಮೇಲೆ ಬಂತು, 2ರಲ್ಲಿ ಕೆಳಗಿಳಿಯಿತು: ಈ ಗೆರೆ ಮುಂಬದಿಗೆ.
2ರಿಂದ 3: ಹಿಂಬದಿಗೆ.
3ರಿಂದ 4: ಮುಂಬದಿಗೆ.
4ರಿಂದ 1: ಹಿಂಬದಿಗೆ. ಸೂಜಿ ಈಗ 1ರಲ್ಲಿ ಮೇಲೆ ಬಂದು ನಿಂತಿದೆ.

ಇಲ್ಲಿಂದ ಮತ್ತೆ 2ಕ್ಕೆ ಹೋದರೆ ದಾರ ಮುಂಬದಿಗೇ ಬೀಳುತ್ತೆ, ಅಲ್ಲಿ ಆಗಲೇ ದಾರ ಇದೆ. ಬಂದ ದಾರಿಗೇ ತಿರುಗಿ, 1ರಿಂದ 4ಕ್ಕೆ ಹೋಗಿ: ಅಲ್ಲಿ ಮೊದಲು ಹಿಂದೆ ಮಾತ್ರ ದಾರ ಇತ್ತು, ಈಗ ಮುಂದೆಯೂ ಬಂತು. 4ರಿಂದ 3 ಹಿಂದೆ, 3ರಿಂದ 2 ಮುಂದೆ, 2ರಿಂದ 1 ಹಿಂದೆ. ನಾಲ್ಕೂ ಗೆರೆ ಎರಡೂ ಬದಿ ತುಂಬಿದವು.

ಸುತ್ತಿನಲ್ಲಿ ಗೆರೆಗಳ ಲೆಕ್ಕ 4, 8, 12 ಹೀಗೆ ಸಮವಾಗಿದ್ದರೆ ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹಾಕಿದಾಗ ಖಂಡಿತ ಕೈಕೊಡುತ್ತೆ. ಬೆಸವಾಗಿದ್ದರೆ, ಮೂರು ಗೆರೆಯ ಮುಕ್ಕೋನದ ಹಾಗೆ, ಅದೇ ದಿಕ್ಕಿನಲ್ಲೂ ಸರಿಹೋಗುತ್ತೆ. ಇದನ್ನೆಲ್ಲ ನೆನಪಿಟ್ಟುಕೊಳ್ಳೋದು ಯಾಕೆ? ಹೋದ ದಾರಿಯಲ್ಲೇ ಹಿಂದಕ್ಕೆ ಬನ್ನಿ, ಸುತ್ತು ಎಂಥದ್ದಾದರೂ ಸರಿ ಕೂರುತ್ತೆ.

ಸೂಜಿಮೊನೆ:
ಮೇಲಿನದಕ್ಕೆ ಸೇರಿಸಿ: ಗೋಪುರ ಅಂದರೆ ಒಂದೇ ಸುತ್ತಲ್ಲ, ಕೊಂಬೆ ಕೊಂಬೆ. ಕಳಶ, ಅಂತಸ್ತಿನ ಚಾಚು, ಬಾಗಿಲು, ಒಳಗಿನ ದೀಪ. ಸೂಜಿ ಹಿಡಿಯೋ ಮುಂಚೆ ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು ದಾರಿ ಗೊತ್ತು ಮಾಡಿಕೊಳ್ಳಿ. ಬುಡದ ಎಡಮೂಲೆಯಿಂದ ಪೆನ್ಸಿಲ್ ಎತ್ತದೆ ಹೊರಡಿ. ಕವಲು ಸಿಕ್ಕಲ್ಲಿ ಕೊಂಬೆಯ ತುದಿಗೆ ಹೋಗಿ, ಅದೇ ದಾರಿಯಲ್ಲಿ ಕವಲಿಗೆ ವಾಪಸ್, ಮತ್ತೆ ಮುಂದಕ್ಕೆ. ಕೊಂಬೆಗೆ ಎಷ್ಟು ಹೆಜ್ಜೆ ಹೋದಿರೋ ಅಷ್ಟೇ ಹೆಜ್ಜೆ ವಾಪಸ್ ಬಂದಿರುತ್ತೀರಿ, ಒಟ್ಟು ಸಮವೇ ಆಗುತ್ತೆ, ಮುಂದಿನ ಹೊಲಿಗೆ ಕೆಡಲ್ಲ. ಹಾಗಾಗಿ ಕೊಂಬೆಯನ್ನು ಹೋಗುವಾಗಲೂ ಹಾಕಬಹುದು, ಬರುವಾಗಲೂ ಹಾಕಬಹುದು. ಹೋಗುವಾಗಲೇ ಹಾಕೋದು ಒಳ್ಳೆಯದು, ಮರೆತು ಬಿಡೋ ಭಯ ಇಲ್ಲ.

ಗೆರೆಗಳೆಲ್ಲ ಒಂದಕ್ಕೊಂದು ತಾಗಿಕೊಂಡಿದ್ದರೆ ಹೊರಟ ತೂತಿಗೇ ಬಂದು ಮುಗಿಯುತ್ತೆ. ಬಾಗಿಲೊಳಗಿನ ದೀಪ ಎಲ್ಲಿಗೂ ತಾಗದೆ ಒಂಟಿಯಾಗಿ ನಿಂತಿದ್ದರೆ ಅದು ದ್ವೀಪ. ಅಲ್ಲಿಗೆ ಹಿಂದಿನಿಂದ ಹಾರಿದರೆ ಅಡ್ಡ ದಾರ ಕಾಣುತ್ತೆ, ಬೇರೆ ದಾರದಲ್ಲಿ ಹೊಸದಾಗಿ ಶುರುಮಾಡಿ ಮುಗಿಸಬೇಕು. ಬುಕ್‌ಮಾರ್ಕಿಗೆ ಸುಲಭ ಉಪಾಯ ಅಂದರೆ ಚಿತ್ರವನ್ನೇ ತಿದ್ದಿ, ದೀಪದ ಕಂಬ ಹೊಸ್ತಿಲಿಗೆ ತಾಗೋ ಹಾಗೆ ಒಂದು ಗೆರೆ ಕೆಳಗಿಳಿಸೋದು.

ಕೈ ತಪ್ಪೋದು ಹೆಚ್ಚಾಗಿ ದಾರ ಬದಲಿಸುವಾಗ. ಹಳೇ ದಾರ ಮುಂಬದಿ ಗೆರೆ ಹಾಕಿ ಕೆಳಗಿಳಿದಿದ್ದರೆ ಹೊಸ ದಾರದ ಮೊದಲ ಗೆರೆ ಹಿಂಬದಿಗೆ ಬೀಳಬೇಕು. ಅದನ್ನು ಮರೆತು ಮೇಲಿಂದ ಶುರುಮಾಡಿದರೆ ಅಲ್ಲಿಂದ ಮುಂದೆ ಎಲ್ಲ ಅದಲುಬದಲು. ಹಾಳೆಯ ಮೇಲೆ ಬದಲಿಸಿದ ಜಾಗದಲ್ಲಿ 'ಹಿಂ' ಅಥವಾ 'ಮುಂ' ಅಂತ ಬರೆದುಬಿಡಿ.

ಇದೇ ಹೊಲಿಗೆಗೆ ಯುರೋಪಿನಲ್ಲಿ ಹೋಲ್ಬೈನ್ ಸ್ಟಿಚ್ ಅಂತ ಹೆಸರು. ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ, ಉದಾಹರಣೆಗೆ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ, ತೋಳಿನ ತುದಿಗೆ ಬಿಳಿಯ ಮೇಲೆ ಕಪ್ಪು ಕಸೂತಿ ಕಾಣುತ್ತೆ. ವಿಡಿಯೊ ಹುಡುಕುವಾಗ 'ಡಬಲ್ ರನ್ನಿಂಗ್' ಅಂತಲೂ ಹುಡುಕಿ. ಕೈಚಳಕ ಒಂದೇ.

ದಾರದುಂಡೆ:
ತಿರುಗಿ ಬಂದ ಮೇಲೆ ಚೌಕ ಸರಿಯಾಯಿತು! ಆದರೆ ಗೆರೆ ಹಾವಿನ ಹಾಗೆ ಅಂಕುಡೊಂಕು ಕಾಣುತ್ತೆ. ದಾರದ ತುದಿ ನಿಲ್ಲಿಸೋ ವಿಚಾರವೂ ಬಾಕಿ ಇದೆ.

ಸೂಜಿಮೊನೆ:
ಅಂಕುಡೊಂಕಿಗೆ ಎರಡು ಕಾರಣ. ಒಂದು, ವಾಪಸ್ ಬರುವಾಗ ಸೂಜಿ ಮೊದಲಿನ ದಾರವನ್ನು ಸೀಳುತ್ತಿದೆ. ಚೂಪು ಸೂಜಿ ಬಿಟ್ಟು ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ ಹಿಡಿಯಿರಿ: ಐಡಾಕ್ಕೆ 24ನೇ ನಂಬರ್, 28ರ ಲಿನನ್‌ಗೆ 26. ಇನ್ನೊಂದು, ಒಂದೇ ತೂತಿನಲ್ಲಿ ಒಮ್ಮೆ ಮೊದಲಿನ ದಾರದ ಮೇಲ್ಗಡೆ, ಒಮ್ಮೆ ಕೆಳಗಡೆ ಸೂಜಿ ಹೋಗುತ್ತಿದೆ. ಒಂದು ಪದ್ಧತಿ ಇಟ್ಟುಕೊಳ್ಳಿ. ಅಡ್ಡಗೆರೆಯಲ್ಲಿ ವಾಪಸ್ ಬರುವಾಗ ಸೂಜಿ ಮೇಲೆ ಬರೋದು ಹಳೇ ದಾರದ ಮೇಲ್ಗಡೆಯಿಂದ, ಇಳಿಯೋದು ಕೆಳಗಡೆಯಿಂದ. ಎಲ್ಲ ಹೊಲಿಗೆಯೂ ಒಂದೇ ಕಡೆ ಸ್ವಲ್ಪ ವಾಲಿ, ಗೆರೆ ನೆಟ್ಟಗೆ ಕಾಣುತ್ತೆ.

ದಾರ ಶುರುಮಾಡಲು: ಲಡಿಯ ದಾರದಲ್ಲಿ ಆರು ಪುರಿ, ಅಂದರೆ ಸಣ್ಣ ಎಳೆ, ಇರುತ್ತೆ; ಅದರಿಂದ ಒಂದೇ ಒಂದು ಪುರಿ, 90 ಸೆಂ.ಮೀ. ಉದ್ದ, ಬಿಡಿಸಿ. ಎರಡಾಗಿ ಮಡಚಿ, ಕತ್ತರಿಸಿದ ಎರಡು ತುದಿಯನ್ನೂ ಸೂಜಿಗೆ ಪೋಣಿಸಿ. ಮಡಚಿದ ಕಡೆ ಕುಣಿಕೆ ಉಳಿಯುತ್ತೆ. ಸೂಜಿ ಮೇಲೆ ತಂದು ಒಂದು ಮನೆ ದಾಟಿ ಕೆಳಗಿಳಿಸಿ, ಹಿಂದೆ ಆ ಕುಣಿಕೆಯೊಳಗೆ ಸೂಜಿ ತೂರಿಸಿ ಮೆಲ್ಲಗೆ ಎಳೆಯಿರಿ. ಗಂಟೂ ಇಲ್ಲ, ಬಾಲವೂ ಇಲ್ಲ. ಕುಣಿಕೆ ಮೊದಲ ಗೆರೆಯ ಬೆನ್ನಿಗೇ ಕೂರುತ್ತೆ, ವಾಪಸ್ ಬರುವಾಗ ಅಲ್ಲೇ ದಾರ ಬಂದು ಮುಚ್ಚುತ್ತೆ.

ಮುಗಿಸಲು ಕನಿಷ್ಠ 8 ಸೆಂ.ಮೀ. ಬಾಲ ಉಳಿಸಿಕೊಳ್ಳಿ. ಎರಡು ಪುರಿಯನ್ನೂ ಬೇರೆ ಮಾಡಿ ಒಂದೊಂದನ್ನೂ ಬೇರೆಬೇರೆ ದಿಕ್ಕಿನ ಗೆರೆಯಡಿ, ಹೊಲಿಗೆಗೂ ಬಟ್ಟೆಗೂ ನಡುವೆ, ಐದಾರು ಹೊಲಿಗೆ ದೂರ ನುಗ್ಗಿಸಿ ಕತ್ತರಿಸಿ. ಎರಡನ್ನೂ ಒಂದೇ ಕಡೆ ನುಗ್ಗಿಸಿದರೆ ಅಲ್ಲಿ ಗೆರೆ ದಪ್ಪ ಕಾಣುತ್ತೆ. ಕೆಂಪು ಬಾಲವನ್ನು ಬಿಳಿ ಗೆರೆಯಡಿ ಬಚ್ಚಿಡಬೇಡಿ, ಇಣುಕುತ್ತೆ.

ಎಳೆ_ಎಣಿಕೆ:
ದಾರದ ಲೆಕ್ಕ. ಒಂದು ಮನೆಯ ಗೆರೆಗೆ ಮುಂದೆ 1.8, ಹಿಂದೆ 1.8, ಬಟ್ಟೆ ದಾಟೋದಕ್ಕೆ ಇನ್ನಷ್ಟು, ಒಟ್ಟು ಸುಮಾರು 4 ಮಿ.ಮೀ. ಮಡಚಿದ ದಾರ ಒಂದು ಮೊಳ, ಅಂದರೆ 45 ಸೆಂ.ಮೀ. ಶುರುವಿಗೆ, ಕೊನೆಗೆ 10 ಸೆಂ.ಮೀ. ಕಳೆದರೆ 85ರಿಂದ 90 ಗೆರೆ ಬರುತ್ತೆ. ಇದಕ್ಕಿಂತ ಉದ್ದ ತೆಗೆದುಕೊಂಡರೆ ಉಜ್ಜಿ ಉಜ್ಜಿ ಕೊನೆಯ ಗೇಣು ದಾರ ಹೊಳಪು ಕಳೆದುಕೊಳ್ಳುತ್ತೆ, ಸಿಕ್ಕು ಬೇರೆ.

ಗೋಪುರ ಮತ್ತು ಅಂಚು ಸೇರಿ 300 ಗೆರೆ ಇದ್ದರೆ ಒಂದಕ್ಕೆ 4 ಮೊಳ, 1.8 ಮೀಟರ್. ಲಡಿ 8 ಮೀಟರ್, ಆರು ಪುರಿ. ಎರಡೆರಡು ಪುರಿ ಲೆಕ್ಕದಲ್ಲಿ 24 ಮೀಟರ್ ಸಿಗುತ್ತೆ, ಅಂದರೆ ಲಡಿಗೆ 13 ಬುಕ್‌ಮಾರ್ಕ್. 25ಕ್ಕೆ ಎರಡು ಲಡಿ ಅಷ್ಟಕ್ಕಷ್ಟೇ, ಮೂರು ತನ್ನಿ. ಮೂರನ್ನೂ ಒಂದೇ ಸಲ ಕೊಳ್ಳಿ. ನಂಬರ್ ಒಂದೇ ಇದ್ದರೂ ಬೇರೆ ಬೇರೆ ಬಾರಿ ಬಣ್ಣ ಹಾಕಿದ ದಾರದಲ್ಲಿ ಕೆಂಪು ಒಂದು ಛಾಯೆ ಆಚೀಚೆ ಆಗಬಹುದು.

ಮುಂದೆ ಯಾವಾಗಲಾದರೂ ಮೆಂತಿ ಹಾಕೋದಿದ್ದರೆ ಒಂದು ಕ್ರಾಸಿಗೆ ಸುಮಾರು 9 ಮಿ.ಮೀ., 100 ಕ್ರಾಸಿಗೆ ವ್ಯರ್ಥ ಸೇರಿ ಒಂದು ಮೀಟರ್ ಹಿಡಿಯಿರಿ.

ಹೊತ್ತಿನ ಮಾತೂ ಆಡಿಬಿಡೋಣ. 300 ಗೆರೆ ಅಂದರೆ 600 ಹೊಲಿಗೆ. ಕೈ ಕೂತವರು ನಿಮಿಷಕ್ಕೆ ಹತ್ತು ಹಾಕಿದರೂ ಒಂದು ಗಂಟೆ. ದಾರ ಬದಲಿಸೋದು, ಎಣಿಸೋದು, ಅಂಚು ಮಾಡೋದು ಸೇರಿದರೆ ಎರಡು ಗಂಟೆಗೆ ಕಡಿಮೆ ಇಲ್ಲ. 25ಕ್ಕೆ 50 ಗಂಟೆ. ಗೃಹಪ್ರವೇಶಕ್ಕೆ ಒಂದು ತಿಂಗಳೇ ಇದ್ದರೆ 120 ಗೆರೆಯ ಸಣ್ಣ ತುಳಸಿಕಟ್ಟೆ ಆರಿಸಿಕೊಳ್ಳಿ.

ಗೋಪುರ_ತೇರು:
ಕ್ಯಾನ್ವಾಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಇಳಕಲ್ ಬಟ್ಟೆ ಮೇಲೇ ಬೇಕು ಅನ್ನೋರಿಗೆ ವೇಸ್ಟ್ ಕ್ಯಾನ್ವಾಸ್ (ಬಟ್ಟೆ ಮೇಲಿಟ್ಟು ಹೊಲಿದು, ಆಮೇಲೆ ಎಳೆ ಎಳೆದು ತೆಗೆಯೋ ಜಾಲರಿ ಬಟ್ಟೆ) ದಾರಿ ಇದೆ. ಬಟ್ಟೆಯ ಎಳೆಗೆ ಕ್ಯಾನ್ವಾಸಿನ ಎಳೆ ಸಮಾನಾಂತರವಾಗಿ ಇಟ್ಟು, ನಾಲ್ಕು ಸುತ್ತು ಮತ್ತು ನಡುವೆ ಅಡ್ಡ ಉದ್ದ ಕಚ್ಚಾ ಹೊಲಿಗೆ ಹಾಕಿ. ಇಲ್ಲಿ ಮೊಂಡು ಸೂಜಿ ನಡೆಯಲ್ಲ, 9ನೇ ನಂಬರಿನ ಚೂಪು ಕಸೂತಿ ಸೂಜಿ ಬೇಕು. ಸೂಜಿ ಕ್ಯಾನ್ವಾಸಿನ ತೂತಿನಲ್ಲೇ ಇಳಿಯಬೇಕು. ಕ್ಯಾನ್ವಾಸಿನ ಎಳೆಯನ್ನು ಚುಚ್ಚಿದರೆ ಕೊನೆಗೆ ಅದು ಹೊರಬರಲ್ಲ. ಮುಗಿದ ಮೇಲೆ ಒದ್ದೆ ಬಟ್ಟೆ ಒತ್ತಿ ಗಂಜಿ ಮೆತ್ತಗಾದ ಮೇಲೆ ಚಿಮಟದಿಂದ ಒಂದೊಂದೇ ಎಳೆ ಎಳೆಯಿರಿ. ಮೊದಲು ಒಂದು ದಿಕ್ಕಿನವು ಪೂರ್ತಿ, ಆಮೇಲೆ ಇನ್ನೊಂದು ದಿಕ್ಕಿನವು. ಕ್ಯಾನ್ವಾಸಿನ ದಪ್ಪ ಹೋದ ಮೇಲೆ ಹೊಲಿಗೆ ಸಡಿಲವಾಗುತ್ತೆ, ಹಾಕುವಾಗಲೇ ಒಂದು ಚೂರು ಬಿಗಿ ಹಿಡಿದಿರಬೇಕು. ರೇಷ್ಮೆಗೆ ನೀರು ಬಿದ್ದರೆ ಕಲೆ ಉಳಿಯಬಹುದು, ಮೊದಲು ಮೂಲೆಯಲ್ಲಿ ಒಂದು ಹನಿ ಹಾಕಿ ಒಣಗಿಸಿ ನೋಡಿ.

ಚಂದ್ರಕಾಳಿ:
ಕ್ಯಾನ್ವಾಸ್ ಇಟ್ಟು ಹಾಕಿದ್ದನ್ನ ಕಸೂತಿ ಅಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ಬುಕ್‌ಮಾರ್ಕಿಗೆ ಅದು ಬ್ಯಾಡ. ಕ್ಯಾನ್ವಾಸಿನ ತೂತು ನೋಡಿ ಸೂಜಿ ಇಳಿಸಿದ್ರ ಮುಂದ ಚಂದ ಕೂಡ್ತದ, ಹಿಂದ ಬಟ್ಟಿ ಎಳಿಯನ್ನ ಎಲ್ಲಿ ಸೀಳ್ತದೋ ಗೊತ್ತಾಗಂಗಿಲ್ಲ. ವಾಪಸ್ ಬರುವಾಗ ಅದs ತೂತು ಹಿಂದಿನಿಂದ ಸಿಗಂಗಿಲ್ಲ, ಅರ್ಧ ಎಳಿ ಆಚಿಕ ಬೀಳ್ತದ. ಎರಡೂ ಬದಿ ಕಾಣೋ ಸಾಮಾನಿಗೆ ಎಳಿ ಎಣಿಸೋದs ಖರೆ. ಸೆರಗು, ಕುಪ್ಪಸ, ಹಿಂದ ಲೈನಿಂಗ್ ಬರೋ ಚೀಲ, ಇವಕ್ಕ ಕ್ಯಾನ್ವಾಸ್ ನಡೀತದ.

ಗೋಪುರ_ತೇರು:
ಅದು ಸರಿ ಅಕ್ಕಾ. ಹಿಂಬದಿ ವಿಚಾರದಲ್ಲಿ ನಿಮ್ಮ ಮಾತೇ ಮೇಲು.

ಮೆಂತ್ಯ_ಕಾಳು:
ಬಣ್ಣ ಬಿಡೋದರ ಬಗ್ಗೆ ಯಾರೂ ಹೇಳಿಲ್ಲ. ಕಪ್ಪು ಬಟ್ಟೆ, ಬಿಳಿ ದಾರ, ಜೊತೆಗೆ ಕೆಂಪು: ಇದಕ್ಕಿಂತ ಅಪಾಯದ ಜೋಡಿ ಇಲ್ಲ. ಬಟ್ಟೆಯನ್ನು ಹೊಲಿಯೋ ಮುಂಚೆ ನೀರು ತಿಳಿಯಾಗೋವರೆಗೂ ಜಾಲಿಸಿ ಒಣಗಿಸಿ. ಗಂಜಿ ಹೋಗುತ್ತೆ, ಕುಗ್ಗೋದೂ ಆಗಲೇ ಕುಗ್ಗುತ್ತೆ. ಕೆಂಪು ದಾರದ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ, ಗುಲಾಬಿ ಗುರುತು ಬಿದ್ದರೆ ಆ ದಾರ ಬೇಡ. ಉಪ್ಪು, ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನೋದನ್ನು ನಂಬಿ ಕೂರಬೇಡಿ. ಹೊಲಿದ ಮೇಲೆ ಬಣ್ಣ ಹರಡಿದರೆ ಗಾಬರಿಯಿಂದ ಹಿಂಡಿ ಒಣಗಿಸಬೇಡಿ, ಒಣಗಿದರೆ ಕಲೆ ಕಚ್ಚಿಕೊಳ್ಳುತ್ತೆ. ತಣ್ಣೀರಿನಲ್ಲೇ ಮುಳುಗಿಸಿಟ್ಟು ನೀರು ಬದಲಿಸುತ್ತಾ ಇರಿ.

ಅಂಚಿಗೆ: ಗಡಿಯ ಗೆರೆಯ ಮೇಲೆ ಸುತ್ತಲೂ ಕಾಜಾ ಹೊಲಿಗೆ ಹಾಕಿ, ಆಚೆ ಉದ್ದದ ಬದಿಗೆ ಎರಡು ಮನೆ, ಮೇಲೆ ಕೆಳಗೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ, ಅಡ್ಡ ಎಳೆ ಬಿಡಿಸಿ ಜಾಲರಿ ಮಾಡಿ. ಬಟ್ಟೆ ಅಂಟು ಹಚ್ಚೋ ಆಸೆ ಬೇಡ, ಅಂಚು ರಟ್ಟಿನ ಹಾಗಾಗುತ್ತೆ, ಕಾಲ ಕಳೆದಂತೆ ಹಳದಿಯೂ ತಿರುಗಬಹುದು. ಇಸ್ತ್ರಿ ದಪ್ಪ ಟವೆಲ್ ಮೇಲೆ, ಮೇಲೊಂದು ತೆಳು ಬಟ್ಟೆ ಹಾಕಿ, ಒತ್ತಿ ಎತ್ತೋದು, ಉಜ್ಜೋದಲ್ಲ. ಕುಚ್ಚು ಕಳಶದ ಕಡೆಗೇ ಇರಲಿ, ಇಲ್ಲವಾದರೆ ಪುಸ್ತಕದಲ್ಲಿ ಗೋಪುರ ತಲೆಕೆಳಗಾಗಿ ನಿಲ್ಲುತ್ತೆ. ನಗಬೇಡಿ, 25 ಮುಗಿದ ಮೇಲೆ ಗೊತ್ತಾದರೆ ಅಳಬೇಕಾಗುತ್ತೆ.

ದಾರದುಂಡೆ:
ಚೀಟಿಯಲ್ಲಿ ಎರಡು ಸಾಲು ಬರೆದು ಜೊತೆಗಿಡೋ ಯೋಚನೆ ಇದೆ. 'ಜಿ.ಐ. ಮಾನ್ಯತೆಯ ಕಸೂತಿ' ಅಂತ ಹಾಕಬಹುದಾ? ಇನ್ನೊಂದು: ಇದೇ ಬಟ್ಟೆಯಲ್ಲಿ ಮಗುವಿಗೆ ಕುಂಚಿಗಿ (ತಲೆಯಿಂದ ಬೆನ್ನಿಗೆ ಇಳಿಬೀಳೋ ಟೊಪ್ಪಿಗೆ) ಮಾಡೋದಾದರೆ ಹೊಲಿಗೆ ಬದಲಾಗುತ್ತಾ?

ಎಳೆ_ಎಣಿಕೆ:
ಹಾಕಬೇಡಿ. ಕಸೂತಿಗೆ ಜಿ.ಐ., ಅಂದರೆ ಒಂದು ಸೀಮೆಯ ಸರಕಿಗೆ ಸಿಗೋ ಭೌಗೋಳಿಕ ಸೂಚಿ, ಇದೆ ನಿಜ, ಆದರೆ 1999ರ ಕಾಯ್ದೆಯಡಿ ಆ ಗುರುತನ್ನು ಬಳಸೋ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರದು. ನಾಳೆ ಮಾರಾಟಕ್ಕಿಳಿದರೆ ಇದು ಇನ್ನೂ ಮುಖ್ಯ. ಇಷ್ಟು ಶತಮಾನ ಹಳೆಯದು ಅಂತ ಇಸವಿ ಹಾಕೋದೂ ಬೇಡ. 'ಧಾರವಾಡ ಸೀಮೆಯ ಗವಂತಿ ಹೊಲಿಗೆ, ಎಳೆ ಎಣಿಸಿ ಕೈಯಲ್ಲಿ ಹಾಕಿದ್ದು, ತಿರುಗಿಸಿ ನೋಡಿ' ಅಂದರೆ ಸಾಕು. ಬೆಂಗಳೂರು ಕಡೆ ಎಲ್ಲ ಎಂಬ್ರಾಯಿಡರಿಗೂ ಕಸೂತಿ ಅಂತಲೇ ಅನ್ನೋದರಿಂದ ಹೊಲಿಗೆಯ ಹೆಸರು ಬರೆಯೋದು ಒಳ್ಳೆಯದು.

ಚಂದ್ರಕಾಳಿ:
ಕುಂಚಿಗಿಗೆ ಲೆಕ್ಕ ಬ್ಯಾರೆ ರೀ. ಎರಡೂ ಬದಿ ಒಂದs ಬಂದ್ರೂ ಕೂಸಿಗೆ ಲೈನಿಂಗ್ ಬೇಕs ಬೇಕು. ಹಿಂದಿನ ದಾರದಾಗ ಕೂಸಿನ ಬಟ್ಟು (ಬೆರಳು) ಸಿಕ್ಕೊಂಡ್ರ ಸುತ್ತಿ ಬಿಗೀತದ. ಹಳೇ ಮೆತ್ತನ ಮಲ್‌ಮಲ್ ಒಳಗ ಕೊಡ್ರಿ. ಮಣಿ, ಕನ್ನಡಿ, ಕುಚ್ಚು ಬ್ಯಾಡ. ಹಿಂದ ಮುಚ್ಚೇ ಹೋಗೋದರಿಂದ ಅಲ್ಲಿ ಮೆಂತಿ, ನೇಯ್ಗಿ ಧಾರಾಳ ಹಾಕ್ರಿ: ಬೆನ್ನಿನ ಮ್ಯಾಲ ಒಂದು ದೊಡ್ಡ ತೇರು ಇಲ್ಲಾ ತೊಟ್ಟಿಲು, ಸುತ್ತಲೂ ಚಿಕ್ಕಿ (ನಕ್ಷತ್ರ). ಲೈನಿಂಗ್ ಬಟ್ಟಿನೂ ಮೊದಲ ತೊಳದು ಒಣಗಿಸಿ ಆಮ್ಯಾಲ ಕತ್ತರಿಸ್ರಿ, ಇಲ್ಲಾಂದ್ರ ಒಂದು ಒಗತಕ್ಕ ಒಳಗಿಂದು ಕುಗ್ಗಿ ತೇರು ಮುದುಡಿ ಕೂಡ್ತದ.

ದಾರದುಂಡೆ:
ಗ್ರಾಫ್ ಹಾಳೆಯಲ್ಲಿ ತುಳಸಿಕಟ್ಟೆ ಬರೆದದ್ದಾಯಿತು. ಅಗಲ 18 ಮನೆ, 124 ಗೆರೆ, ಬುಡದ ಎಡಮೂಲೆಯಿಂದ ಹೊರಟರೆ ಪೆನ್ಸಿಲ್ ಎತ್ತದೆ ಅಲ್ಲಿಗೇ ವಾಪಸ್. ಎಲೆಗಳು ಮಾತ್ರ ಕಾಂಡಕ್ಕೆ ತಾಗಿರಲಿಲ್ಲ, ಒಂದೊಂದು ಗೆರೆ ಎಳೆದು ಸೇರಿಸಿದೆ.

ಸೂಜಿಮೊನೆ:
124 ಅಂದರೆ ಎರಡು ಮೊಳ ದಾರ. ಎಲ್ಲ ಎಲೆಯನ್ನೂ ಹೋಗುವಾಗಲೇ ಮುಗಿಸಿ, ದಾರ ಬದಲಿಸೋದನ್ನು ಕಾಂಡದ ನೇರ ಗೆರೆಯ ನಡುವೆ ಇಟ್ಟುಕೊಳ್ಳಿ. ಎಲೆಯ ತುದಿಯಲ್ಲಿ ಬದಲಿಸಿದರೆ ಬಾಲ ಬಚ್ಚಿಡಲು ಜಾಗ ಸಿಗಲ್ಲ.